ಕೊಟ್ಟಿಗೆಯಲ್ಲಿ ಹಸು, ಹಟ್ಟಿಯಲ್ಲಿ ತಿಮ್ಮಯ್ಯ

ನನ್ನ ಅಭಿಪ್ರಾಯವನ್ನು ಯಾರಾದರೂ ಕೇಳಿದರೆ ನಾನು ಮೊದಲು ಹಿಂದಕ್ಕೆ ತಿರುಗಿ ನೋಡುತ್ತೇನೆ, ಕೇಳಿದ್ದು ನನ್ನ ಬೆನ್ನ ಹಿಂದೆ ನಿಂತವರನ್ನೋ ಏನೋ ಎಂದು. ಹಿಂದೆ ಯಾರೂ ಇಲ್ಲವೆಂದಾದರೆ ಸಂಶಯ ಶುರುವಾಗುತ್ತದೆ. ಸಾರಿಗೆ ಉಪ್ಪು ಸಾಕೇ ಎಂದು ಹೆಂಡತಿ ಸರಸ್ವತಿ ಕೇಳಿದರೂ, ಸಾಕೆಂದರೆ ಏನಾದೀತು, ಸಾಲದೆಂದರೆ ಏನಾದೀತು ಎಂದು ಎರಡನ್ನೂ ತೂಗಿ ನೋಡಿಯೇ ಬಾಯಿ ತೆರೆಯುವವನು ನಾನು. "ಇದರಲ್ಲಿ ಏನೋ ಉಂಟು" ಎಂಬುದು ನನ್ನ ಬಾಯಿಗೆ ಅಂಟಿಕೊಂಡ ಮಾತು. ಬಿ.ಸಿ.ರೋಡಿನಲ್ಲಿ ಕಂಡಕ್ಟರ್ "ಬನ್ನಿ ಮಾಸ್ಟ್ರೇ, ಸೀಟು ಉಂಟು" ಎಂದು ಕರೆದರೆ ಹತ್ತಲಿಕ್ಕೆ ನನಗೆ ಧೈರ್ಯವಾಗುವುದಿಲ್ಲ. ನಿಜವಾಗಿಯೂ ಸೀಟಿದ್ದರೆ ಅಷ್ಟು ಜೋರಾಗಿ ಕರೆಯುವುದೇಕೆ? ಹಾಗೆ ಯೋಚಿಸುತ್ತ ನಿಂತಿದ್ದಾಗ ಖಾಲಿ ಸೀಟುಗಳೊಂದಿಗೆ ಬಸ್ಸು ಹೊರಟುಹೋಗಿ, ಮುಂದಿನ ಬಸ್ಸಿನಲ್ಲಿ ಮೂಡುಬಿದಿರೆಯವರೆಗೆ ನೇತಾಡಿಕೊಂಡು ಬಂದದ್ದೂ ಉಂಟು.

ಇಂಥವನ ಹತ್ತಿರ ಸರಕಾರ ಅಭಿಪ್ರಾಯ ಕೇಳಿತು. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನಾನು ಆಗ ಶಿರ್ತಾಡಿಯ ಕಡೆ ಒಂದು ಸಣ್ಣ ಶಾಲೆಯ ಹೆಡ್‌ಮಾಸ್ಟರ್. ಊರೂರು ಸುತ್ತಿ, ಕೊನೆಗೂ ಮನೆಯ ಹತ್ತಿರದ ಶಾಲೆ ಸಿಕ್ಕಿತ್ತು. ಮಧ್ಯಾಹ್ನದ ಗಂಟೆ ಬಾರಿಸಿದರೆ ಮನೆಗೆ ಹೋಗಿ ಬಿಸಿ ಕುಚ್ಚಲಕ್ಕಿ ಅನ್ನ ಉಂಡು, ಚಾವಡಿಯಲ್ಲಿ ಸ್ವಲ್ಪ ಅಡ್ಡಾಗಿ, ಎರಡನೆಯ ಗಂಟೆಗೆ ಮತ್ತೆ ಶಾಲೆಗೆ ಹಾಜರಾಗಬಹುದು. ಇದಕ್ಕಿಂತ ದೊಡ್ಡ ಸುಖವನ್ನು ನಾನು ಬಯಸಿದವನೇ ಅಲ್ಲ. ಆದರೆ ರಾಜ್ಯ ದೊಡ್ಡದಾದ ಮೇಲೆ ವರ್ಗಾವಣೆಯ ದಾರಿಯೂ ಉದ್ದವಾಗಿತ್ತು. ಮೊದಲು ಹೆಚ್ಚೆಂದರೆ ಬೆಳ್ತಂಗಡಿಗೆ ಹಾಕುತ್ತಿದ್ದರು. ಈಗ ಚಾರ್ಮಾಡಿ ಹತ್ತಿಸಿ ಎಲ್ಲಿಗೆ ಬೇಕಾದರೂ ಹಾಕಬಹುದು. ಘಟ್ಟ ಎಂಬ ಮಾತು ಕೇಳಿದರೆ ಸಾಕು, ನನಗೆ ಹಸಿವೆ ಹೋಗುತ್ತಿತ್ತು.

ಬಂಟ್ವಾಳದಲ್ಲಿ ಮಾಸ್ಟ್ರುಗಳ ಸಭೆ ಕರೆದರು. ಇಡೀ ರಾಜ್ಯಕ್ಕೆ ಒಂದೇ ವಾಚನ ಪುಸ್ತಕ ಬರಲಿಕ್ಕಿತ್ತು. ಅದನ್ನು ಆರಿಸಲು ಸರಕಾರದ ನಿಯಮಗಳೂ ಇದ್ದುವು: ಅಕ್ಷರ ದೊಡ್ಡದಿರಬೇಕು, ಯಾರ ಮನಸ್ಸಿಗೂ ನೋವಾಗಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಪಾಠದ ಮಾತುಗಳು ಮಗುವಿನ ಸುತ್ತಮುತ್ತಲಿನವೇ ಆಗಿರಬೇಕು. ತುಮಕೂರು ಕಡೆಯಿಂದ ಬಂದಿದ್ದ ಹೊಸ ಇನ್‌ಸ್ಪೆಕ್ಟರು ನಮಗೆಲ್ಲ ಮಾದರಿ ಪುಸ್ತಕವೊಂದನ್ನು ಹಂಚಿ, "ಒಂದು ಮಾತು ಸರಿಯಿಲ್ಲ ಅನ್ನಿಸಿದರೂ ನಿರ್ಭಯವಾಗಿ ಹೇಳಿ" ಎಂದರು. ನಾನು ಬೆಚ್ಚಿದ್ದು ಅಲ್ಲಿಯೇ. ಭಯಕ್ಕೆ ಕಾರಣವಿಲ್ಲದ ಜಾಗದಲ್ಲಿ ಯಾರೂ 'ನಿರ್ಭಯವಾಗಿ' ಎನ್ನುವುದಿಲ್ಲ. ಊಟಕ್ಕೆ ಕರೆದವರು "ನಿರ್ಭಯವಾಗಿ ಉಣ್ಣಿ" ಎಂದರೆ ಯಾರು ಎಲೆಗೆ ಕೈ ಹಾಕುತ್ತಾರೆ, ನೀವೇ ಹೇಳಿ.

ಪಕ್ಕದಲ್ಲಿ ಕುಳಿತಿದ್ದ ನಮ್ಮ ಶಾಲೆಯ ಕಾಂತಪ್ಪ ಮಾಸ್ಟ್ರು ನನ್ನ ಕಿವಿಯ ಹತ್ತಿರ ಬಂದರು. "ಇದು ಪುಸ್ತಕದ ಪರೀಕ್ಷೆ ಅಲ್ಲ ಮಾರಾಯ್ರೆ, ನಮ್ಮ ಪರೀಕ್ಷೆ. ಯಾರು ಬಾಯಿ ಬಿಡ್ತಾರೆ ಅಂತ ನೋಡ್ಲಿಕ್ಕೆ. ಬಾಯಿ ಬಿಟ್ಟವನಿಗೆ ಘಟ್ಟ."

"ನನಗೂ ಹಾಗೇ ಕಾಣ್ತದೆ. ಇದರಲ್ಲಿ ಏನೋ ಉಂಟು" ಎಂದೆ. ಇಬ್ಬರೂ ಪುಸ್ತಕ ಬಹಳ ಚೆನ್ನಾಗಿದೆ ಎಂಬ ಮುಖ ಮಾಡಿ ಕುಳಿತೆವು.

ಮನೆಗೆ ಬಂದು ಪುಸ್ತಕ ಬಿಡಿಸಿದರೆ ಮೂರನೆಯ ಪಾಠದಲ್ಲೇ ಎಡವಿದೆ. 'ಸಂಜೆಯಾಯಿತು. ತಿಮ್ಮಯ್ಯ ಹಟ್ಟಿಗೆ ಬಂದನು. ಹೆಂಡತಿ ಮಕ್ಕಳು ಹಟ್ಟಿಯಲ್ಲಿ ಕಾಯುತ್ತಿದ್ದರು. ತಿಮ್ಮಯ್ಯ ಹಸುವನ್ನು ಕೊಟ್ಟಿಗೆಯಲ್ಲಿ ಕಟ್ಟಿದನು.' ಘಟ್ಟದ ಮೇಲಿನವರಿಗೆ ಇದರಲ್ಲಿ ತಪ್ಪೇನೂ ಕಾಣದು. ಅವರಿಗೆ ಹಟ್ಟಿಯೆಂದರೆ ಜನ ಇರುವ ಜಾಗ, ಕೊಟ್ಟಿಗೆಯೆಂದರೆ ದನ ಕಟ್ಟುವ ಜಾಗ. ನಮಗೋ, ದನ ಕಟ್ಟುವುದೇ ಹಟ್ಟಿಯಲ್ಲಿ. ಕೊಟ್ಟಿಗೆ ಎಂದರೆ ಹಲಸಿನ ಹಣ್ಣನ್ನು ಅಕ್ಕಿಯೊಂದಿಗೆ ರುಬ್ಬಿ, ಬಾಳೆಲೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸಿದ ತಿಂಡಿ. ತುಪ್ಪ ಹಾಕಿ ತಿನ್ನುವಂಥದ್ದು. ಪಾಠದ ಪ್ರಕಾರ ತಿಮ್ಮಯ್ಯನ ಸಂಸಾರವೆಲ್ಲ ಸೆಗಣಿಯ ಮೇಲೆ, ಹಸು ಮಾತ್ರ ಬಾಳೆಲೆಯೊಳಗೆ. ನಾನು ಓದಿದ್ದನ್ನು ಕೇಳಿದ ಸರಸ್ವತಿ ನಕ್ಕು ನಕ್ಕು ಸೌಟು ಕೆಳಗಿಟ್ಟಳು. "ಇದನ್ನಾದರೂ ಹೇಳಿ ನೀವು, ಮಕ್ಕಳು ಎಂತ ಅರ್ಥ ಮಾಡಿಕೊಳ್ಳಬೇಕು?" ಎಂದಳು. ನಾನು ಹೇಳುವವನೇ ಅಲ್ಲ. ಯಾರೋ ಬೇಕೆಂದೇ ನನಗಾಗಿ ಇಟ್ಟ ತಪ್ಪು ಇದೆಂದು ನನಗೆ ಗಟ್ಟಿಯಾಗಿತ್ತು.

ಎಣಿಸದೇ ಇದ್ದಾಗ ಇನ್‌ಸ್ಪೆಕ್ಟರು ಶಾಲೆಗೇ ಬಂದರು. ನೇರ ಮೂರನೆಯ ತರಗತಿಗೆ ಹೋಗಿ, ಅದೇ ಪುಸ್ತಕ ಬಿಡಿಸಿ, ಅದೇ ಪಾಠವನ್ನು ತಾವೇ ಗಂಭೀರವಾಗಿ ಓದತೊಡಗಿದರು. ತಿಮ್ಮಯ್ಯನ ಹೆಂಡತಿ ಹಟ್ಟಿಯಲ್ಲಿ ಕಾಯುವಾಗ ಮಕ್ಕಳು ಮುಖ ಮುಖ ನೋಡಿಕೊಂಡರು. ಹಸು ಕೊಟ್ಟಿಗೆಯೊಳಗೆ ಹೋದಾಗ ಇಡೀ ತರಗತಿ ಹೋ ಎಂದಿತು. ಇನ್‌ಸ್ಪೆಕ್ಟರ ಮುಖ ಕೆಂಪಾಯಿತು. ಅವರು ಮಕ್ಕಳನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಏನ್ರೀ ಹೆಡ್‌ಮಾಸ್ಟ್ರೇ, ನಾನು ಓದಿದ್ರೆ ನಗ್ಬೇಕು ಅಂತ ಹೇಳ್ಕೊಟ್ಟಿದೀರಾ?"

ಆಗ ನನಗೆ ಗೊತ್ತಾಯಿತು, ನಾನು ಅವರ ಮೇಲೆ ಸಂಶಯಪಟ್ಟಷ್ಟೇ ಅವರೂ ನನ್ನ ಮೇಲೆ ಪಡುತ್ತಿದ್ದಾರೆ ಎಂದು. ಹೇಗಾದರೂ ಅವರನ್ನು ಸಮಾಧಾನಪಡಿಸಬೇಕಿತ್ತು. ಮಧ್ಯಾಹ್ನದ ಗಂಟೆಯೂ ಬಾರಿಸಿತ್ತು. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ: "ಸಿಟ್ಟು ಮಾಡಬೇಡಿ ಸಾರ್. ಮನೆ ಇಲ್ಲೇ ಹತ್ತಿರ. ನಿಮಗೆ ಕೊಟ್ಟಿಗೆ ಉಂಟು, ಬನ್ನಿ ಹೋಗುವ."

ಕಾಂತಪ್ಪ ಮಾಸ್ಟ್ರು ಕಣ್ಣು ಮುಚ್ಚಿಕೊಂಡರು. ಇನ್‌ಸ್ಪೆಕ್ಟರು ಕೊಡೆ ತೆಗೆದುಕೊಂಡು ನನ್ನ ಜೊತೆ ಹೊರಟರು. ಬಂದದ್ದು ಊಟಕ್ಕಲ್ಲ, ತಮ್ಮನ್ನು ನಾನು ಎಲ್ಲಿ ಕೂರಿಸುತ್ತೇನೆಂದು ಕಣ್ಣಾರೆ ನೋಡಿ ಮೇಲಿನವರಿಗೆ ಬರೆಯಲಿಕ್ಕೆ ಎಂದು ಆಮೇಲೆ ಅವರೇ ಹೇಳಿದರು. ಅಂಗಳದ ಬದಿಯ ಹಟ್ಟಿಯಲ್ಲಿ ನಮ್ಮ ಕಪಿಲೆಯನ್ನು ಕಂಡು ಅವರು ಅಲ್ಲೇ ನಿಂತುಬಿಟ್ಟರು. "ಇದೇನಾ ಕೊಟ್ಟಿಗೆ?" ಎಂದರು.

"ಅಲ್ಲ ಸಾರ್, ಇದು ಹಟ್ಟಿ. ಕೊಟ್ಟಿಗೆ ಒಳಗೆ ಉಂಟು, ಒಲೆಯ ಮೇಲೆ."

ಸರಸ್ವತಿ ಬಾಳೆಲೆ ಬಿಡಿಸಿ ತುಪ್ಪ ಹಾಕಿದ ಮೇಲೆ ವಿಷಯ ಬಗೆಹರಿಯಿತು. ಇನ್‌ಸ್ಪೆಕ್ಟರು ಒಂದು ಕೊಟ್ಟಿಗೆಯನ್ನು ಸಂಶಯದಿಂದಲೂ, ಎರಡನೆಯದನ್ನು ನಗುತ್ತಲೂ, ಮೂರನೆಯದನ್ನು ಕೇಳಿಯೂ ತಿಂದರು. "ಪಾಪ ಮಕ್ಕಳು! ನಿಮ್ಮಂಥೋರು ಬಾಯಿ ಬಿಟ್ಟು ಹೇಳ್ಬೇಕು ಕಣ್ರೀ. ನಾನು ಮೇಲಕ್ಕೆ ಬರೀತೀನಿ. ನಿಮ್ಮ ಹೆಸರೂ ಹಾಕ್ತೀನಿ" ಎಂದು ಬೆನ್ನು ತಟ್ಟಿ ಹೋದರು.

"ನೋಡಿದಿರಾ, ಎಷ್ಟು ಒಳ್ಳೆಯ ಜನ!" ಎಂದಳು ಸರಸ್ವತಿ.

"ಹೆಸರು ಯಾಕೆ ಹಾಕಬೇಕು? ಇದರಲ್ಲಿ ಏನೋ ಉಂಟು" ಎಂದೆ. ಆ ದಿನ ಊಟ ಸೇರಲಿಲ್ಲ.

ಹೆಸರು ಮೇಲಕ್ಕೆ ಹೋಯಿತು. ಅದರ ಹಿಂದೆಯೇ ನಾನೂ ಹೋದೆ. ನಾಡಿನ ಎರಡೂ ಕಡೆಯ ಭಾಷೆ ಬಲ್ಲ ಯೋಗ್ಯ ಅಧ್ಯಾಪಕನೆಂದು ಬಡ್ತಿ ಕೊಟ್ಟು, ಘಟ್ಟದ ಆಚೆ ಬಯಲುಸೀಮೆಯ ಒಂದು ದೊಡ್ಡ ಶಾಲೆಗೆ ಹಾಕಿದರು. ಬಡ್ತಿಯನ್ನು ಬೇಡವೆನ್ನಲು ಕಾರಣ ಕೊಡಬೇಕಂತೆ. ಕುಚ್ಚಲಕ್ಕಿ ಅನ್ನ ಮತ್ತು ಚಾವಡಿಯ ನಿದ್ದೆ ಕಾರಣವಾಗುವುದಿಲ್ಲವೆಂದು ಕಾಂತಪ್ಪ ಮಾಸ್ಟ್ರೇ ವಿಚಾರಿಸಿ ಬಂದು ಹೇಳಿದರು. ಬಸ್ಸು ಚಾರ್ಮಾಡಿಯ ತಿರುವುಗಳನ್ನು ಹತ್ತುವಾಗ ನನಗೆ ನಿಜವಾಗಿಯೂ ಅಳು ಬಂತು. ಆ ಬಸ್ಸಿನಲ್ಲಿ ಸೀಟು ಮಾತ್ರ ಬೇಕಾದಷ್ಟಿತ್ತು.

ಹೊಸ ಊರಿನಲ್ಲಿ ನಾನು ಮೇಷ್ಟ್ರಾದೆ. ಮುದ್ದೆ ನುಂಗಲು ಕಲಿತೆ. ಮಾತಿನಲ್ಲಿ ಎಚ್ಚರವಾಗಿದ್ದು, 'ಇದೆ', 'ಮಾಡ್ತೀನಿ' ಎಂದು ಅವರಂತೆಯೇ ಆಡುತ್ತಿದ್ದೆ. ಅಷ್ಟರಲ್ಲಿ ತಿದ್ದಿದ ಹೊಸ ಪುಸ್ತಕ ಬಂತು. ಒಂದು ದಿನ ಊರಿನ ದೊಡ್ಡ ಗೌಡರು ಅದನ್ನು ಕೈಯಲ್ಲಿ ಹಿಡಿದು ಶಾಲೆಗೆ ನುಗ್ಗಿದರು.

"ಏನ್ ಮೇಷ್ಟ್ರೇ ಇದು? 'ತಿಮ್ಮಯ್ಯ ಹಸುವನ್ನು ಹಟ್ಟಿಯಲ್ಲಿ ಕಟ್ಟಿದನು' ಅಂತೆ! ಹಟ್ಟೀಲಿ ಹಸು ಕಟ್ಟಿದ್ರೆ ನಾವೆಲ್ರೀ ಇರಾದು? ಯಾವನ್ರೀ ಇದನ್ನ ಹೇಳ್ಕೊಟ್ಟೋನು?"

ಹೇಳಿಕೊಟ್ಟವನು ಅವರ ಎದುರಿಗೇ ಇದ್ದ. ಆದರೂ ಹುಬ್ಬು ಗಂಟಿಕ್ಕಿ, ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ, ಅವರಿಗಿಂತ ಹೆಚ್ಚು ಸಂಶಯದಿಂದ ಹೇಳಿದೆ:

"ನನಗೂ ಹಾಗೇ ಅನ್ನಿಸ್ತಿದೆ ಗೌಡರೇ. ಇದರಲ್ಲಿ ಏನೋ ಉಂಟು."

ಗೌಡರು ಪುಸ್ತಕ ಮುಚ್ಚಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದರು.

"ಉಂಟು?" ಎಂದರು. "ನೀವು ದಕ್ಷಿಣ ಕನ್ನಡ ಜಿಲ್ಲೆಯೋರಾ?"

ನಾನು ಹಿಂದಕ್ಕೆ ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.