ಚೀಟಿ ಇಲ್ಲದ ನಿದ್ದೆ

ಔಷಧಿ ಅಂಗಡಿ ಇಟ್ಟವರಿಗೆ ನಗು ಬರುವ ಸಂದರ್ಭಗಳಿಗೆ ಕೊರತೆಯಿಲ್ಲ; ನಗುವ ಹಾಗಿಲ್ಲ, ಅಷ್ಟೆ. ಎದುರಿಗೆ ನಿಂತವರು ಸೊಂಟ ಹಿಡಿದುಕೊಂಡೇ ನಿಂತಿರುತ್ತಾರೆ. ಮಸ್ಕಿಯ ಬಸ್ ನಿಲ್ದಾಣದ ಹತ್ತಿರ ಹದಿನಾಲ್ಕು ವರ್ಷದಿಂದ ಗುಳಿಗೆ ಮಾರುತ್ತಿರುವ ನಾನು ಈಗ ಎಂಥ ಮದುವೆ ಮನೆಯಲ್ಲೂ ನಗದೆ ಕೂತಿರಬಲ್ಲೆ. ನಮ್ಮ ಬಳಗದವರು ಅದನ್ನು ಸೊಕ್ಕು ಎಂದು ತಿಳಿದಿದ್ದಾರೆ.

೧. ಎಂಟು ದಿನದ ಗಡುವು

ನಮ್ಮ ಓಣಿಯಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರಿದ್ದಾರೆ. ಓಣಿಯ ಅರ್ಧ ಜನ ಅವರ ಶಿಷ್ಯರು, ನಾನೂ ಸೇರಿ. ಉಳಿದರ್ಧ ಜನ ಶಿಷ್ಯರ ಮಕ್ಕಳು. ಅವರು ಯಾವ ಅಂಗಡಿಗೆ ಹೋಗುತ್ತಾರೋ ಓಣಿ ಆ ಅಂಗಡಿಗೆ ಹೋಗುತ್ತದೆ. ಈಚೆಗೆ ನನ್ನ ಅಂಗಡಿಯ ಎದುರಿಗೇ ಇನ್ನೊಂದು ಔಷಧಿ ಅಂಗಡಿ ಶುರುವಾಯಿತು. ಮರುವಾರವೇ ಮಾಸ್ತರರಿಗೆ ನಿದ್ದೆ ಬರುವುದು ನಿಂತಿತು. ಎರಡಕ್ಕೂ ಸಂಬಂಧವಿಲ್ಲ ಎಂದೇ ನಾನು ನಂಬಿದ್ದೇನೆ.

“ಏ ಹುಡುಗಿ, ನಿದ್ದಿ ಗುಳಿಗಿ ಕೊಡು” ಎಂದರು. ನನಗೆ ನಲವತ್ತೆರಡು ವರ್ಷ.

“ಡಾಕ್ಟರ್ ಚೀಟಿ ಇಲ್ಲದ ಕೊಡಾಕ ಬರಂಗಿಲ್ರಿ ಸರ್.”

“ನಾ ಕೇಳಾಕತ್ತೀನಲ್ಲ.”

“ನೀವು ಕೇಳಿದ್ರೂ ಬರಂಗಿಲ್ರಿ. ತಗೊಂಡು ಮುಂಜಾನೆ ನೀವು ಏಳಲಿಲ್ಲಂದ್ರ ನಾ ಏನು ಉತ್ತರ ಹೇಳ್ಲಿ?”

“ಏಳಲಿಲ್ಲಂದ್ರ ನಾ ಯಾಕ ಬಂದು ಕೇಳ್ತೀನಿ?”

ತರಗತಿಯಲ್ಲೂ ಅವರು ಹೀಗೆಯೇ. ತಿರುಗಿ ಮಾತಾಡಲು ಜಾಗ ಬಿಡುತ್ತಿರಲಿಲ್ಲ. ನಾನು ಗುಳಿಗೆಯನ್ನಂತೂ ಕೊಡಲಿಲ್ಲ. ಮಾಸ್ತರರು ರಸ್ತೆಯ ಆಚೆ ನೋಡುತ್ತ ಹೇಳಿದರು: “ಆ ಕಡೆಯವ ಚೀಟಿ ಕೇಳಂಗಿಲ್ಲಂತ. ಎಂಟು ದಿನ ನೋಡ್ತೀನಿ. ಆಮ್ಯಾಲ ರಸ್ತೆ ದಾಟ್ತೀನಿ.”

ಅವರು ದಾಟಿದರೆ ಇಡೀ ಓಣಿ ದಾಟುತ್ತದೆ. ಅದೂ ಎಡ ಬಲ ನೋಡದೆ.

೨. ಮೊಣಕಾಲಿನ ತಿಳಿವಳಿಕೆ

ಆ ಎಂಟು ದಿನ ಒಬ್ಬ ಗಿರಾಕಿಯೂ ಮುನಿಸಿಕೊಂಡು ಹೋಗಬಾರದೆಂದು ನಾನು ತೀರ್ಮಾನಿಸಿದ್ದೆ. ಎರಡನೇ ದಿನವೇ ಸಂತೆಕಲ್ಲೂರಿನ ಅಜ್ಜಿ ಬಂದಳು. ಡಾಕ್ಟರು ಬರೆದುಕೊಟ್ಟ ಮೊಣಕಾಲು ನೋವಿನ ಗುಳಿಗೆಯನ್ನು ತಿಂಗಳಿಗೊಮ್ಮೆ ಒಯ್ಯುವವಳು. ಕಂಪನಿಯವರು ಆ ಗುಳಿಗೆಯನ್ನು ಹಳದಿಯಿಂದ ಬಿಳಿಗೆ ಬದಲಾಯಿಸಿದ್ದರು.

“ಇದು ನಂದಲ್ಲ” ಎಂದಳು ಅಜ್ಜಿ.

“ನಿಂದ ಐತಿ ಬೇ ಯವ್ವಾ. ಬಣ್ಣ ಅಷ್ಟ ಬ್ಯಾರೆ, ಔಷಧ ಅದ.”

“ಬಿಳೀದು ತಲಿಗೆ. ಹಳದೀದು ಮೊಣಕಾಲಿಗೆ. ಬಿಳೀದು ತಗೊಂಡ್ರ ಅದು ಸೀದಾ ಮ್ಯಾಲ ಹೋಗ್ತದ.”

ಗುಳಿಗೆ ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ಸೇರುತ್ತದೆ, ಬಣ್ಣ ನೋಡಿ ದಾರಿ ಹಿಡಿಯುವುದಿಲ್ಲ ಎಂದು ಕಾಲು ಗಂಟೆ ವಿವರಿಸಿದೆ. ಅಜ್ಜಿ ಗಮನವಿಟ್ಟು ಕೇಳಿದಳು. ಕೊನೆಗೆ ಕನಿಕರದಿಂದ ನನ್ನ ಕೈ ಹಿಡಿದುಕೊಂಡಳು.

“ನೀ ಕಲ್ತಾಕಿ, ನಿನಗ ತಿಳೀತದ. ನನ್ನ ಮೊಣಕಾಲು ಸಾಲಿಗೆ ಹೋಗಿಲ್ಲವ್ವ.”

೩. ಕೈ ಎತ್ತಿದವರು

ಐದನೇ ದಿನ ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟ ಬಸ್ಸು ನಿಲ್ದಾಣದಲ್ಲಿ ನಿಂತಿತ್ತು. ಕಂಡಕ್ಟರ್ ಓಡಿ ಬಂದು ತಲೆನೋವಿನ ಗುಳಿಗೆ ಕೇಳಿದ. ಅದನ್ನು ಕಿಟಕಿಯಿಂದ ನೋಡಿದ ಯಾರೋ “ನನಗೂ ಒಂದು ತರ್ರಿ” ಎಂದು ಕೂಗಿದರು. ಅವನು ಹಿಂದಿರುಗಿ ಬಸ್ಸು ಹತ್ತಿ, ಇಳಿದು ಬಂದು, ಟಿಕೆಟ್ ಲೆಕ್ಕ ಒಪ್ಪಿಸುವ ಧಾಟಿಯಲ್ಲಿ ಹೇಳಿದ:

“ತಲಿ ನಾಕು, ಸೊಂಟ ಎರಡು, ಕುತ್ತಿಗಿ ಒಂದು, ಒಂದು ಅರ್ಧ.”

“ಅರ್ಧ ಏನ್ರಿ?”

“ಸಣ್ಣ ಹುಡುಗ್ರಿ.”

ಅರ್ಧ ಟಿಕೆಟ್ಟಿಗೆ ಗುಳಿಗೆ ಕೊಡುವುದಿಲ್ಲ ಎಂದೆ. ದೊಡ್ಡವರಲ್ಲೂ ಹೊಟ್ಟೆಯಲ್ಲಿ ಹುಣ್ಣು ಇದ್ದವರು ನೋವಿನ ಗುಳಿಗೆ ತಗೊಳ್ಳಬಾರದು, ಕೇಳಿಕೊಂಡು ಬನ್ನಿ ಎಂದೆ. ಅವನು ಬಸ್ಸಿನ ಬಾಗಿಲಲ್ಲೇ ನಿಂತು ಕೂಗಿದ: “ಹೊಟ್ಟ್ಯಾಗ ಹುಣ್ಣು ಇದ್ದವ್ರು ಕೈ ಎತ್ರಿ!”

ಕೈ ಎತ್ತಿದವರಿಗೆ ಏನೋ ಪುಕ್ಕಟೆ ಹಂಚುತ್ತಾರೆಂದು ಇಡೀ ಬಸ್ಸು ಕೈ ಎತ್ತಿತು. ಕಂಡಕ್ಟರ್ ನನ್ನನ್ನು ನೋಡಿದ. ನಾನು ಗುಳಿಗೆ ಒಳಗಿಟ್ಟೆ. ಡ್ರೈವರ್ ಕಿಟಕಿಯಿಂದ ಇಣುಕುತ್ತಿದ್ದ. “ನಿಮಗೇನರ ಬೇಕಿತ್ತೇನ್ರಿ?” ಎಂದು ಮರ್ಯಾದೆಗೆ ಕೇಳಿದೆ.

“ನನಗ್ಯಾಕ್ರಿ ಅಕ್ಕಾರ? ನಾ ಓಡಸಾಂವ. ನೋವು ಹಿಂದ ಕುಂತವರಿಗೆ.”

೪. ಸಿಂಧನೂರಿನ ಚೀಟಿ

ಎಂಟನೇ ದಿನ ಬೆಳಿಗ್ಗೆ ಮಾಸ್ತರರು ನನ್ನ ಅಂಗಡಿಗೆ ಬಂದರು, ಕೈಯಲ್ಲಿ ಒಂದು ಚೀಟಿ. ಹಿಂದೆ ಅವರ ಹೆಂಡತಿ, ಸೆರಗು ಬಾಯಿಗೆ ಒತ್ತಿಕೊಂಡು.

ನಡೆದದ್ದನ್ನು ಅಮ್ಮನವರೇ ಹೇಳಿದರು. ನನ್ನ ಬಾಯಿ ಮುಚ್ಚಿಸಲೆಂದೇ ಮಾಸ್ತರರು ಸಿಂಧನೂರಿನ ಡಾಕ್ಟರ ಹತ್ತಿರ ಹೋಗಿದ್ದರು. ಮೊದಲನೇ ದಿನ ಹೊರಗಿನ ಬೆಂಚಿನ ಮೇಲೆ ಸರದಿಗಾಗಿ ಕೂತಲ್ಲೇ ಗೊರಕೆ ಹೊಡೆದರು. ನಂಬರ್ ಕರೆದದ್ದು ಕೇಳಲಿಲ್ಲ, ದವಾಖಾನೆ ಬಾಗಿಲು ಹಾಕಿತು. ಎರಡನೇ ದಿನವೂ ಅದೇ. ಮೂರನೇ ದಿನ ಎಬ್ಬಿಸಲೆಂದು ಅಮ್ಮನವರು ಜೊತೆಗೆ ಹೋದರು.

“ಎಬ್ಬಿಸಿದ್ರೇನ್ರಿ?”

“ಎಲ್ಲಿ ಎಬ್ಬಸ್ಲಿ ಬೇ? ಆ ಬೆಂಚಿನ ಮ್ಯಾಲ ಫ್ಯಾನ್ ಐತಿ. ನನಗೂ ನಿದ್ದಿ ಹತ್ತಿಬಿಡ್ತು.”

“ನಾ ಮಲಗಿದ್ದಿಲ್ಲ, ಕಣ್ಣು ಮುಚ್ಚಿದ್ದೆ” ಎಂದರು ಮಾಸ್ತರರು.

ಕಡೆಗೆ ಡಾಕ್ಟರೇ ಹೊರಗೆ ಬಂದು ಇಬ್ಬರನ್ನೂ ಎಬ್ಬಿಸಿ, ನಿಂತಲ್ಲೇ ಬರೆದುಕೊಟ್ಟರಂತೆ. ನಾನು ಚೀಟಿ ಬಿಚ್ಚಿದೆ: “ಇವರ ನಿದ್ದೆಯನ್ನು ಮೂರು ದಿನ ನಾನೇ ನೋಡಿದ್ದೇನೆ. ಗುಳಿಗೆ ಬೇಡ. ಬೆಂಚು ಸಾಕು.”

“ಚೀಟಿ ಅಂದಿದ್ದಿಯಲ್ಲ, ತಂದೀನಿ” ಎಂದರು ಮಾಸ್ತರರು. “ಬರ್ದಿದ್ದು ಕೊಡು.”

ಲಿಂಗಸುಗೂರಿನಿಂದ ಬೆಂಚು ತರಿಸಿದೆ. ಮೇಲೊಂದು ಫ್ಯಾನ್ ಹಾಕಿಸಿದೆ. ಅಂದಿನಿಂದ ಮಾಸ್ತರರು ಹತ್ತಕ್ಕೆ ಬಂದು ಒಂದು ಗಂಟೆಗೆ ಏಳುತ್ತಾರೆ. ಗಿರಾಕಿಗಳು ಪಿಸುಮಾತಿನಲ್ಲಿ ಕೆಮ್ಮಿನ ಔಷಧಿ ಕೇಳುತ್ತಾರೆ.

ಎದುರಿನವನು ಸುಮ್ಮನಿರುತ್ತಾನೆಯೆ? ಹದಿನೈದು ದಿನದಲ್ಲಿ ಮೆತ್ತೆ ಹಾಕಿದ ಬೆಂಚು ತಂದಿಟ್ಟ. ಒಂದು ಬೆಳಿಗ್ಗೆ ಮಾಸ್ತರರು ರಸ್ತೆ ದಾಟಿಯೇಬಿಟ್ಟರು. ಓಣಿಯ ಜನ ಕಟ್ಟೆಗಳ ಮೇಲೆ ಎದ್ದು ನಿಂತರು. ಅವರು ಮೆತ್ತೆ ಒತ್ತಿ ನೋಡಿದರು, ಕೂತರು, ಒರಗಿದರು. ನಾನು ಬೇರೆ ಕಡೆ ನೋಡುವವಳಂತೆ ನಿಂತಿದ್ದೆ. ಐದೇ ನಿಮಿಷಕ್ಕೆ ಎದ್ದು ವಾಪಸ್ ಬಂದು ನಮ್ಮ ಬರಿ ಹಲಗೆಯ ಮೇಲೆ ಕಾಲು ಚಾಚಿದರು.

“ಯಾಕ್ರಿ ಸರ್, ಮೆತ್ತಗ ಇತ್ತಲ್ಲ?”

“ಹೆಂಗ ನಂಬೋದು ಅವನ್ನ?” ಎಂದು ಕಣ್ಣು ಮುಚ್ಚಿದರು. “ಚೀಟಿನ ಕೇಳ್ಲಿಲ್ಲ.”