ಅಥೀನಾಳ ಗೂಬೆಯೂ ಸಣ್ಣಮ್ಮನ ಸಾರೂ

ಒಂಟಿಯಾಗಿರುವವನಿಗೆ ಏನಾದರೊಂದು ಹುಚ್ಚು ಬೇಕು. ಕೆಲವರು ಇಸ್ಪೀಟಿಗೆ ಬೀಳುತ್ತಾರೆ, ಕೆಲವರು ಭಜನೆಗೆ. ಹೆತ್ತೂರಿನಾಚೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನಾನು ಬಿದ್ದದ್ದು ಗ್ರೀಕರ, ರೋಮನ್ನರ ದೇವರುಗಳಿರುವ ನಾಣ್ಯಗಳಿಗೆ. ಅಸಲಿಯಲ್ಲ ಬಿಡಿ, ಅಂಚೆಯಲ್ಲಿ ತರಿಸಿದ ನಕಲುಗಳು. ಅಸಲಿ ಕೊಳ್ಳುವ ಯೋಗ್ಯತೆಯಿದ್ದರೆ ನಾನೇಕೆ ರೈಟರ್ ಆಗಿರುತ್ತಿದ್ದೆ? ಡಿಶ್ ಆಂಟೆನಾ ಇನ್ನೂ ನಮ್ಮ ಗುಡ್ಡ ಹತ್ತದ ಕಾಲ. ಸಂಜೆ ಆಳುಗಳೆಲ್ಲ ಲೈನ್ ಮನೆ ಸೇರಿದ ಮೇಲೆ ನನ್ನ ಕ್ವಾರ್ಟರ್ಸಿನಲ್ಲಿ ಉಳಿಯುತ್ತಿದ್ದದ್ದು ನಾನು ಮತ್ತು ಒಂದು ಡಬ್ಬಿ ದೇವರುಗಳು. ಮಾತಿಗೆ ಸಿಗುತ್ತಿದ್ದ ಒಂದೇ ಜೀವವೆಂದರೆ ಅಡುಗೆಗೆ ಬರುತ್ತಿದ್ದ ಸಣ್ಣಮ್ಮ.

ಅವಳು ಒಲೆ ಹಚ್ಚುವುದೇ ತಡ, ನಾನು ನಾಣ್ಯ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಹದ್ದಿನ ಜೊತೆ ಕೂತ ಜುಪಿಟರನನ್ನು ಕಂಡು, "ಗರುಡ ಐತಲ್ಲ, ನಮ್ಮ ನಾರಾಯಣನೇ ಬುಡಿ" ಎಂದು ಕೈಮುಗಿದಿದ್ದಳು. ಎರಡು ಮುಖದ ಜಾನಸ್ ಮಾತ್ರ ಅವಳಿಗೆ ಹಿಡಿಸಲಿಲ್ಲ. ನಮ್ಮ ಬ್ರಹ್ಮನಿಗೆ ನಾಲ್ಕಿವೆಯಂತೆ. ದೀಪಾವಳಿಗೆ ಡಬ್ಬಿಯನ್ನೇ ಲಕ್ಷ್ಮೀಪೂಜೆಗೆ ಇಟ್ಟೆ. ಒಂದೊಂದಕ್ಕೂ ಕುಂಕುಮ ಹಚ್ಚುತ್ತ ಬಂದ ಸಣ್ಣಮ್ಮ ಅಥೆನ್ಸಿನ ನಾಣ್ಯ ತಿರುಗಿಸಿದಳು. ಒಂದು ಕಡೆ ಶಿರಸ್ತ್ರಾಣ ತೊಟ್ಟ ದೇವತೆ ಅಥೀನಾ, ಇನ್ನೊಂದು ಕಡೆ ಕಣ್ಣು ಬಿಟ್ಟುಕೊಂಡ ಗೂಬೆ.

"ಥೂ! ಗೂಬೆ ಹೊಕ್ಕ ಮನೆ ಬುಟ್ಟೇ ಹೋಗ್ತಾರೆ ಕಣ್ರೀ, ನೀವು ಪೂಜೆಗೆ ಇಕ್ಕಿದ್ದೀರಲ್ಲ!"

ಗ್ರೀಸಿನಲ್ಲಿ ಅದು ಜ್ಞಾನದ ಸಂಕೇತವೆಂದು ನಾನು ವಿವರಿಸುವಷ್ಟರಲ್ಲಿ ಅವಳು ಬಾಗಿಲು ದಾಟಿಯಾಗಿತ್ತು.

ಮರುದಿನದಿಂದ ಬರಲಿಲ್ಲ. ಸೀದ ಅನ್ನವನ್ನು ಹೇಗೋ ನುಂಗುತ್ತಿದ್ದೆ, ಆದರೆ ಆ ಮೌನ ಗಂಟಲಲ್ಲಿ ಇಳಿಯಲಿಲ್ಲ. ಅಡುಗೆಮನೆಯಲ್ಲಿ ಒಂದು ಪಾತ್ರೆ ಸದ್ದಾದರೂ ಸಾಕೆನಿಸಿ ಅಳು ಬರುವಂತಾಗುತ್ತಿತ್ತು. ಕಡೆಗೊಂದು ದಿನ, ಡಬ್ಬಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಅಥೀನಾಳನ್ನು ಎಸ್ಟೇಟಿನ ಕೆರೆಗೆ ಎಸೆದು, ಸೀದಾ ಲೈನಿನಲ್ಲಿದ್ದ ಅವಳ ಮನೆಗೆ ನಡೆದೆ.

"ಸಣ್ಣಮ್ಮ, ಗೂಬೆ ಹೋಯ್ತು. ನಾಳೆಯಿಂದ ಬಾ."

ಅವಳು ನನ್ನನ್ನು ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ ಮಾರಾಯ್ರೆ, ಗೂಬೆ ಒಂದು ನೆಪ. ಹಿಂದ್ಗಡೆ ಹಲಸಿನ ಮರದಾಗೇ ಎರಡು ಅವೆ, ಯಾರು ಕೇಳ್ತಾರೆ? ನಾನು ಓಡಿ ಬಂದಿದ್ದು ನಿಮ್ಮ ಮಾತಿಗೆ! ಒಲೆ ಮೇಲೆ ಸಾರು ಉಕ್ಕಿದ್ರೂ ನೀವು ಬಾಯಿ ಮುಚ್ಚಾಕಿಲ್ಲ. ಮುಚ್ಕೊಂಡಿರ್ತೀನಿ ಅನ್ನಿ, ಬೆಳಿಗ್ಗೆನೇ ಬತ್ತೀನಿ."

ಮುಚ್ಚಿಕೊಂಡಿರುತ್ತೇನೆ ಎಂದೆ. ಮನೆಯಲ್ಲಿ ಮತ್ತೆ ಮನುಷ್ಯರ ಸದ್ದಾಗುತ್ತದೆ ಎಂಬ ಸಂತೋಷಕ್ಕೆ ಅಲ್ಲೇ ಜಗಲಿಯ ಮೇಲೆ ಕೂತೆ. ಆ ಸಂತೋಷದಲ್ಲೇ, ಗ್ರೀಕರು ಅಥೀನಾಳಿಗೆ ಗೂಬೆಯನ್ನೇ ಏಕೆ ಜೊತೆ ಮಾಡಿದರು ಎಂದು ಶುರುಮಾಡಿದೆ. ಸಣ್ಣಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಪೂರ್ತಿ ಹೇಳಿ ಮುಗಿಸಿಯೇ ಎದ್ದೆ.