ಶಾರದಾ ಆಂಟಿಯ ಖಾಲಿ ಹೊಟ್ಟೆ

ಚೌಕಾಸಿ ಮಾಡಲು ನಾಚುವವರನ್ನು ಕಂಡರೆ ನನಗೆ ಕನಿಕರ. ಎಲ್ಲದಕ್ಕೂ ಬೆಲೆಯ ಚೀಟಿ ಅಂಟಿಸಿಡುವ ಈ ಅಮೆರಿಕದಲ್ಲೂ ಬಾಯಿಬಿಟ್ಟು ಕೇಳಿದರೆ ಏನಾದರೂ ಗಿಟ್ಟುತ್ತದೆ. ನೀವೂ ಕೇಳಿ ನೋಡಿ. ಆಸ್ಟಿನ್‌ನಲ್ಲಿ ಹಳೆಯ ಕಾರು ಕೊಂಡಾಗ, ಮಾರಿದವನಿಂದಲೇ ಟ್ಯಾಂಕ್ ತುಂಬಿಸಿಕೊಂಡು ಬಂದವಳು ನಾನು. ಡಾಲಸ್‌ನಲ್ಲಿ ವರ್ಷಗಟ್ಟಲೆ ಐಸಿಯು ನರ್ಸಾಗಿದ್ದು, ಮತ್ತೆ ಓದಿ, ನರ್ಸ್ ಅನಸ್ತೆಟಿಸ್ಟ್ ಆಗಿ ಹ್ಯೂಸ್ಟನ್ನಿನ ಆಸ್ಪತ್ರೆಯೊಂದಕ್ಕೆ ಸೇರಿದಾಗ, ಈ ವಿದ್ಯೆ ಅಲ್ಲೂ ಕೈಹಿಡಿಯುತ್ತದೆ ಎಂದೇ ನಂಬಿದ್ದೆ.

ನಮ್ಮ ಕನ್ನಡದವರಿಗೆ ಈ ಕೆಲಸವನ್ನು ವಿವರಿಸುವುದೇ ಒಂದು ಪಾಡು. "ಆಪರೇಷನ್‌ಗೆ ಅರಿವಳಿಕೆ ಕೊಟ್ಟು, ಎಚ್ಚರ ಆಗೋವರೆಗೂ ಉಸಿರು ಕಾಯ್ತೀನಿ" ಎಂದರೆ, "ಓ, ಡಾಕ್ಟ್ರಿಗೆ ಹೆಲ್ಪಾ?" ಎಂದು ಸಮೋಸದ ತಟ್ಟೆಯತ್ತ ತಿರುಗುತ್ತಾರೆ. ಅವರ ಮನೆಯವರ ಹೊಟ್ಟೆಯಲ್ಲೇ ಕಲ್ಲು ಕಾಣಿಸಿಕೊಂಡಾಗ ಮಾತ್ರ ನಾನು ಏಕಾಏಕಿ ದೊಡ್ಡ ಮನುಷ್ಯಳಾಗುತ್ತೇನೆ.

ಹ್ಯೂಸ್ಟನ್ನಿನ ಪಕ್ಕದ ಸೈಪ್ರೆಸ್‌ನಲ್ಲಿ ಮಗನ ಮನೆಗೆ ಮೈಸೂರಿನಿಂದ ಬಂದಿದ್ದ ಶಾರದಾ ಆಂಟಿಗೆ ಪಿತ್ತಕೋಶದಲ್ಲಿ ಕಲ್ಲು. ನೋವಿಗೆ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದರು. ಆಪರೇಷನ್ನಿನ ಡೇಟ್ ಮಾತ್ರ ತಿಂಗಳಾಚೆ. ಮಗ ಫೋನ್ ಮಾಡಿ, "ನೀವು ಒಳಗಿನವ್ರು, ಸ್ವಲ್ಪ ನೋಡಿ" ಎಂದ. ನೋಡಿದೆ. ಡೇಟ್ ಕೊಡುವಾಕೆಯ ಜೊತೆ ಮಾತಾಡಿ, ನಾನು ಎರಡು ವೀಕೆಂಡ್ ಡ್ಯೂಟಿ ಹೆಚ್ಚಿಗೆ ಮಾಡುವುದೆಂದು ಒಪ್ಪಿ, ಮರುವಾರವೇ ಖಾಲಿಯಾದ ಒಂದು ಜಾಗ ಹಿಡಿದೆ. ಆಂಟಿಗೆ ಅರಿವಳಿಕೆ ಕೊಡುವವಳೂ ನಾನೇ.

ಹಿಂದಿನ ದಿನ ಫೋನ್ ಮಾಡಿ, "ಆಂಟಿ, ನಾಳೆ ಬೆಳಿಗ್ಗೆ ಏನೂ..." ಎನ್ನುವಷ್ಟರಲ್ಲಿ ಆಂಟಿ ತಡೆದರು. "ನಾಳೆ ಏಕಾದಶಿ ಕಣಮ್ಮ, ನನಗೆ ಉಪವಾಸ. ನೀನೇನೂ ಹೇಳ್ಬೇಕಾಗಿಲ್ಲ." ನನಗೋ ಪರಮಾನಂದ. ಡೇಟೂ ಸಿಕ್ಕಿತು, ಖಾಲಿ ಹೊಟ್ಟೆಯೂ ಬಿಟ್ಟಿ ಬಂತು! ಉಳಿದ ಉಪದೇಶ ಹೇಳದೆ ಫೋನಿಟ್ಟೆ.

ಬೆಳಿಗ್ಗೆ ಆಂಟಿ ಆಸ್ಪತ್ರೆಯ ಗೌನು ತೊಟ್ಟು ಮಂಚದ ಮೇಲೆ ಮಲಗಿದ್ದರು. ರಕ್ತನಾಳ ಹುಡುಕುತ್ತ ಬಗ್ಗಿದೆ. ಆಂಟಿ ನಿಧಾನವಾಗಿ ತೇಗಿದರು. ಇಂಗಿನ ವಾಸನೆ ನನ್ನ ಮಾಸ್ಕ್ ದಾಟಿ ಒಳಗೆ ಬಂತು.

"ಆಂಟಿ, ಏನಾದ್ರೂ ತಿಂದ್ರಾ?"

"ಉಪವಾಸ ಅಂದ್ನಲ್ಲಮ್ಮ! ಅನ್ನ ಮುಟ್ಟಿಲ್ಲ. ಫಲಾಹಾರ ಅಷ್ಟೇ. ಗೋಧಿ ರವೆ ಉಪ್ಪಿಟ್ಟು, ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಉಪ್ಪಿಟ್ಟಿಗೆ ಸೊಸೆ ಇಂಗು ಸ್ವಲ್ಪ ಮುಂದಾಗಿ ಹಾಕಿದ್ಲು."

ಸೂಜಿ ಕೆಳಗಿಟ್ಟೆ. ಹೊಟ್ಟೆಯಲ್ಲಿರುವುದು ಅರಿವಳಿಕೆಯ ನಿದ್ದೆಯಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ, ಏಕಾದಶಿಯ ದಿನವೇ ಆಂಟಿಗೆ ವೈಕುಂಠ. ನಿಲ್ಲಿಸದೆ ವಿಧಿಯಿರಲಿಲ್ಲ. ನನ್ನ ಕೆಲಸ ಇನ್ನೂ ಪರೀಕ್ಷಾವಧಿಯಲ್ಲಿತ್ತು. ಸರ್ಜನ್ ಆಗಲೇ ಕೈ ತೊಳೆದು ನಿಂತಿದ್ದ.

"ಉಪವಾಸ ಎಂದು ನೀನೇ ತಾನೆ ಹೇಳಿದ್ದು?" ಎಂದ.

"ಹೌದು, ಉಪವಾಸವೇ. ಅದಕ್ಕೇ ತಿಂದಿದ್ದಾರೆ."

ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವನು ನನ್ನನ್ನು ನೋಡಿದ ಬಗೆಗೆ ಹೆದರಿ, ವಿವರಣೆ ಮುಂದುವರಿಸಲಿಲ್ಲ. ಸಂಜೆಗಾದರೂ ಮಾಡೋಣವೆಂದು ಚೌಕಾಸಿಗಿಳಿದೆ. ಅವನು ಗ್ಲೌಸ್ ಕಿತ್ತು ಬುಟ್ಟಿಗೆಸೆದು ಹೊರಟುಹೋದ. ಆಂಟಿ ಬೇರೆ ನನ್ನನ್ನೇ ಗದರಿದರು: "ಡೇಟ್ ತಗೊಳ್ಳೋಕೆ ಮುಂಚೆ ಪಂಚಾಂಗ ನೋಡೋದಲ್ವೇನಮ್ಮ? ಈ ನೋವು ಇಟ್ಕೊಂಡು ಇನ್ನೆಷ್ಟು ದಿನ ಇರ್ಲಿ?"

ಇನ್ನೆರಡು ವೀಕೆಂಡ್ ತೆತ್ತು, ದಶಮಿ ಏಕಾದಶಿ ಎಲ್ಲ ತಪ್ಪಿಸಿ, ಮತ್ತೊಂದು ಡೇಟ್ ತಂದೆ. ಈ ಸಲ ಹಾಲು, ಹಣ್ಣು, ತೀರ್ಥ, ಪ್ರಸಾದ ಒಂದೊಂದನ್ನೂ ಹೆಸರು ಹಿಡಿದು ನಿಷೇಧಿಸಿದೆ. ನೀವೂ ನಿಮ್ಮ ಮನೆಯ ಹಿರಿಯರಿಗೆ ಹೀಗೇ ಹೇಳಿ. ಉಪವಾಸ ಎಂಬ ಮಾತನ್ನು ಮಾತ್ರ ಎತ್ತಬೇಡಿ. ಆಂಟಿ ನಿಯಮದಂತೆ ಬಂದರು, ಮಲಗಿದರು, ನಿದ್ದೆಹೋದರು. ಸರ್ಜನ್ ಕತ್ತಿ ಎತ್ತಿಕೊಂಡ.

ಆಗ ಗೊರಗೊರನೆ ಹೊಟ್ಟೆಯ ಸದ್ದು ಕೋಣೆಗೆಲ್ಲ ಕೇಳಿಸಿತು. ಸರ್ಜನ್ ಕೈ ಅಲ್ಲೇ ನಿಂತಿತು. "ಈಕೆ ಮತ್ತೆ ಉಪವಾಸ ಮಾಡಿದ್ದಾಳಾ?" ಎಂದ.

ನಿದ್ದೆಯಲ್ಲಿರುವವರ ಮೇಲೆ ಹೊರಿಸಿಬಿಡುವುದು ಬಹಳ ಸುಲಭವಿತ್ತು. ಆದರೆ ಹೊರಿಸಿದರೆ ಆಪರೇಷನ್ ಮತ್ತೆ ನಿಲ್ಲುತ್ತದೆ. ಕೊನೆಗೆ ತಲೆತಗ್ಗಿಸಿ, "ಅವರದಲ್ಲ ಡಾಕ್ಟರ್, ನನ್ನದು" ಎಂದೆ. ಹಿಂದಿನ ಸಂಜೆಯಿಂದ ಹೆದರಿಕೆಗೆ ನನ್ನ ಗಂಟಲಲ್ಲಿ ಒಂದು ತೊಟ್ಟು ಕಾಫಿಯೂ ಇಳಿದಿರಲಿಲ್ಲ.